ಚಿಗವ್ವ ಏಳಲು ಹಿಡಿಯುವ ಹೊತ್ತು

ನಮ್ಮ ಮನೆಗೆ ಬಂದವರು "ಬರ್ತೀನ್ರಿ ಇನ್ನ" ಎಂದ ಕೂಡಲೇ ನನ್ನ ಹೆಂಡತಿ ಶೈಲಾ ಒಳಗೆ ಹೋಗಿ ಚಹಾಕ್ಕೆ ನೀರಿಡುತ್ತಾಳೆ. ದೂರದ ಊರಿನಿಂದ ಬಂದವರಿಗೆ ಇದು ತಿಳಿಯುವುದಿಲ್ಲ. ಹೊರಟವರಿಗೆ ಚಹಾ ಏಕೆ ಎಂದು ಅವರು ಕಕ್ಕಾಬಿಕ್ಕಿಯಾಗುತ್ತಾರೆ. ಗಜೇಂದ್ರಗಡದಲ್ಲಿ ಹುಟ್ಟಿ ಬೆಳೆದ ನನಗೆ ಹೊರಡುತ್ತೇನೆ ಎನ್ನದವರಿಗೆ ಚಹಾ ಏಕೆ ಎಂಬುದೇ ದೊಡ್ಡ ಪ್ರಶ್ನೆ. ನಮ್ಮಲ್ಲಿ "ಬರ್ತೀನಿ" ಎಂಬ ಮಾತು ಬರುವುದು ಭೇಟಿಯ ಸರಿಯಾಗಿ ನಡುವಿಗೆ. ಅದುವರೆಗಿನದೆಲ್ಲ ಕ್ಷೇಮಸಮಾಚಾರ. ಯಾರ ಮಗಳಿಗೆ ಎಲ್ಲಿ ಗಂಡು ನೋಡಿದ್ದಾರೆ, ಯಾರ ಮೊಣಕಾಲಿಗೆ ಯಾವ ಎಣ್ಣೆ ಗುಣ ಕೊಟ್ಟಿತು, ಯಾರು ಯಾರ ಮನೆಯ ಮೆಟ್ಟಿಲು ಹತ್ತುವುದನ್ನು ಬಿಟ್ಟಿದ್ದಾರೆ ಎಂಬ ಖರೇ ವಿಷಯಗಳು ಹೊರಬೀಳುವುದು ಆಮೇಲೆ.

ಇದನ್ನು ಇಷ್ಟು ಖಡಾಖಂಡಿತವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ಈಚೆಗೆ ನಾನು ಇದೇ ವಿಷಯಕ್ಕೆ ಧಾರವಾಡದವರ ಜೊತೆ ಹಟಕ್ಕೆ ಬಿದ್ದಿದ್ದೇನೆ, ಮತ್ತು ಬಗ್ಗುವ ವಿಚಾರ ನನಗಿಲ್ಲ. ಬಗ್ಗಬೇಕಿತ್ತು ಎನ್ನುವವರು ಓದುವುದನ್ನು ಇಲ್ಲಿಗೇ ಬಿಟ್ಟು ಏಳಬಹುದು. ಎದ್ದರೂ ಹೇಗೂ ಮತ್ತೆ ಕೂಡುತ್ತೀರಿ, ನಮ್ಮ ಕಡೆಯವರಾಗಿದ್ದರೆ.

ನಾನು ಬಸ್ ನಿಲ್ದಾಣದ ಹತ್ತಿರ ಔಷಧದ ಅಂಗಡಿ ಇಟ್ಟವನು. ಮಧ್ಯಾಹ್ನ ಊರೆಲ್ಲ ಉಂಡು ಅಡ್ಡಾಗುವ ಹೊತ್ತಿನಲ್ಲಿ ಕೆಮ್ಮು ನೆಗಡಿಗಳೂ ಮಲಗಿರುತ್ತವೆ, ಗಿರಾಕಿ ಬರುವುದಿಲ್ಲ. ಆಗ ಬೇರೆ ಅಂಗಡಿಕಾರರು ಮೊಬೈಲ್‌ನಲ್ಲಿ ಕ್ರಿಕೆಟ್ ನೋಡುತ್ತಾರೆ. ನಾನು ಟ್ಯಾಬಿನ ಮೇಲೆ ಪೆನ್ನು ಹಿಡಿದು ಚಿತ್ರ ಬರೆಯುತ್ತೇನೆ. ಒಂದು ಸೆಕೆಂಡಿನ ಚಲನೆಗೆ ಹನ್ನೆರಡು ಚಿತ್ರ. ಪ್ರತಿಯೊಂದನ್ನೂ ಕೈಯಿಂದಲೇ ಬರೆಯಬೇಕು, ಹಿಂದಿನದಕ್ಕಿಂತ ಕೂದಲೆಳೆಯಷ್ಟು ಬೇರೆಯಾಗಿರಬೇಕು, ಆಮೇಲೆ ಎಲ್ಲವನ್ನೂ ಸಾಲಾಗಿ ಓಡಿಸಿದರೆ ಬರೆದ ಮನುಷ್ಯ ನಡೆದಾಡುತ್ತಾನೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಈ ಕಸುಬಿನಲ್ಲಿ ದೊಣ್ಣೆಯೇ ಬೇಕಾಗಿಲ್ಲ. ತಿಂಗಳುಗಟ್ಟಲೆ ಬರೆದದ್ದು ನೋಡುವವನ ಒಂದು ಆಕಳಿಕೆಯಲ್ಲಿ ಮುಗಿದುಹೋಗುತ್ತದೆ. ಪಕ್ಕದ ಸೀರೆ ಅಂಗಡಿಯವನು ಒಮ್ಮೆ ಇಣುಕಿ ನೋಡಿ, "ಸಣ್ಣ ಹುಡುಗರ ಆಟ ಅಲ್ಲೇನ್ರಿ ಇದು?" ಎಂದ. ಹೌದೆಂದೆ. ಅವನ ಜೊತೆ ವಾದಕ್ಕಿಳಿದರೆ ಆ ದಿನದ ನಾಲ್ಕು ಚಿತ್ರ ಹಾಳಾಗುತ್ತವೆ.

ಹಿಂದೆ ಬೆಕ್ಕು ಹಾರಿಸಿದ್ದೆ, ಚೆಂಡು ಪುಟಿಸಿದ್ದೆ. ಈ ಸಲ ಮನುಷ್ಯರಿಗೆ ಕೈ ಹಾಕಿದೆ. ಅದೂ ಎಂಥ ಮನುಷ್ಯರಿಗೆ? ನನ್ನ ಅವ್ವನ ತಂಗಿ, ನರಗುಂದದ ಚಿಗವ್ವನಿಗೆ.

ಚಿಗವ್ವ ನಮ್ಮ ಮನೆಗೆ ಬಂದು ಏಳುವುದೇ ಒಂದು ಕಾರ್ಯಕ್ರಮ. ಮೊದಲು ಬಲಗೈ ಮೊಣಕಾಲ ಮೇಲೆ ಬರುತ್ತದೆ. "ಶಿವ ಶಿವಾ" ಎಂಬ ಉದ್ಗಾರವಾಗುತ್ತದೆ. ಅರ್ಧ ಏಳುತ್ತಾಳೆ. ಅಲ್ಲಿಗೆ ಒಂದು ಮಾತು ನೆನಪಾಗಿ ಮತ್ತೆ ಕೂಡುತ್ತಾಳೆ. ಚಹಾ ಆಗುತ್ತದೆ. ಶೈಲಾ ಕುಂಕುಮ ಹಚ್ಚುತ್ತಾಳೆ. ಚಿಗವ್ವ ಪೂರ್ತಿ ಎದ್ದು, ಸೆರಗು ಸರಿಮಾಡಿಕೊಂಡು, ಕೈಚೀಲ ಎತ್ತಿಕೊಂಡು ಬಾಗಿಲವರೆಗೆ ಹೋಗಿ ಚೌಕಟ್ಟಿಗೆ ಕೈಯಿಟ್ಟು ನಿಲ್ಲುತ್ತಾಳೆ. ತಿರುಗಿ ಒಳಗೆ ನೋಡುತ್ತ ಇನ್ನೊಂದು ಮಾತು ಹೇಳುತ್ತಾಳೆ. ಆಮೇಲೆಯೇ ಚಪ್ಪಲಿ. ಇಷ್ಟನ್ನೇ ಅನಿಮೇಷನ್ ಮಾಡಬೇಕೆಂದು ನನಗೆ ಹುಕಿ ಬಂತು. ಬೇರೆ ಕಥೆಯಿಲ್ಲ. ಒಬ್ಬ ಹೆಂಗಸು ಕುರ್ಚಿಯಿಂದ ಎದ್ದು ಬಾಗಿಲು ದಾಟುತ್ತಾಳೆ, ಅಷ್ಟೇ.

ಮೊದಲ ಸಲ ಓಡಿಸಿ ನೋಡಿದಾಗ ಚಿಗವ್ವ ಕಾದ ಹಂಚಿನ ಮೇಲಿನ ಅಳ್ಳಿನಂತೆ ಚಟ್ಟನೆ ಹಾರಿದಳು. ಅಂತರ್ಜಾಲದ ಪಾಠಗಳನ್ನು ನೋಡಿ ತಪ್ಪು ಕಂಡುಕೊಂಡೆ. ಚಿತ್ರಗಳ ನಡುವೆ ಅಂತರ ಹೆಚ್ಚಾದರೆ ವೇಗ, ಒತ್ತೊತ್ತಾಗಿದ್ದರೆ ನಿಧಾನ. ಚಲನೆ ಶುರುವಾಗುವಲ್ಲಿ ಮತ್ತು ಮುಗಿಯುವಲ್ಲಿ ಒತ್ತಾಗಿರಬೇಕು, ನಡುವೆ ವಿರಳವಾಗಿರಬೇಕು. ಹಾಗೆಯೇ ತಿದ್ದಿದೆ. ಎರಡನೆಯ ಸಲ ಚಿಗವ್ವ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಎದ್ದು, ನಡೆದು, ಬಾಗಿಲು ದಾಟಿದಳು. ಎಲ್ಲಿಯೂ ಕುಲುಕಾಟವಿಲ್ಲ. ಹೆಮ್ಮೆಯಿಂದ ಶೈಲಾಳಿಗೆ ತೋರಿಸಿದೆ. ಅವಳು ಒಮ್ಮೆ ನೋಡಿದಳು, ಇನ್ನೊಮ್ಮೆ ಹಚ್ಚಲು ಹೇಳಿ ಮತ್ತೆ ನೋಡಿದಳು.

"ಅಯ್ಯ, ಚಿಗವ್ವಗ ಯಾರ ಏನ ಅಂದ್ರು?" ಎಂದಳು. "ಹಿಂಗ್ಯಾಕ ಸಿಟ್ಟ ಮಾಡ್ಕೊಂಡು ಹೊಂಟಾರ?"

ನಾನು ಸಿಟ್ಟನ್ನು ಬರೆದಿರಲಿಲ್ಲ. ಮುಖದಲ್ಲಿ ನಗೆಯನ್ನೇ ಇಟ್ಟಿದ್ದೆ. ಬೇಕಾದರೆ ಚಿತ್ರ ನಿಲ್ಲಿಸಿ ಹಲ್ಲು ನೋಡಬಹುದು. ಆದರೆ ಶೈಲಾ ಹೇಳಿದ ಮೇಲೆ ನೋಡಿದರೆ ನನಗೂ ಸಿಟ್ಟೇ ಕಂಡಿತು. ನಮ್ಮ ಸೀಮೆಯಲ್ಲಿ ಎದ್ದವರು ಸೀದಾ ಬಾಗಿಲು ದಾಟಿದರೆಂದರೆ ಆ ಮನೆಯಲ್ಲಿ ಏನೋ ಆಗಿದೆ ಎಂದೇ ಅರ್ಥ. ಮುಖದಲ್ಲಿ ನಗೆಯಿದ್ದರಂತೂ ದೊಡ್ಡದೇ ಆಗಿದೆ. ಪಾಠ ಹೇಳಿದವರಿಗೆ ಇದು ಗೊತ್ತಿಲ್ಲ. ಅವರ ಊರಿನಲ್ಲಿ ಹೋಗುತ್ತೇನೆಂದವರು ಹೋಗಿಯೇ ಬಿಡುತ್ತಾರೆಂದು ಕಾಣುತ್ತದೆ. ಪಾಪ, ಅವರವರ ಕರ್ಮ.

ನಾನು ಟ್ಯಾಬನ್ನು ಮಗುಚಿ ಇಟ್ಟದ್ದು ಮಾತ್ರ ಬೇರೆ ಕಾರಣಕ್ಕೆ. ಚಿಗವ್ವ ಒಂದು ಸಲ ನಿಜವಾಗಿ ಹಾಗೆಯೇ ಹೋಗಿದ್ದಳು.

ನನ್ನ ತಂಗಿಯ ಕುಬಸದ ದಿನ ಅದು. ಬಸುರಿಗೆ ಸೀರೆ ಉಡಿಸಿ, ಉಡಿ ತುಂಬಿ, ಹೋಳಿಗೆ ಉಣ್ಣುವ ಸಂಭ್ರಮ. ಚಿಗವ್ವ ನರಗುಂದದಿಂದ ಒಂದು ಸೀರೆ ತಂದಿದ್ದಳು. ಇಲ್ಲಿ ನಮ್ಮೂರಿನ ಒಂದು ಚಾಳಿಯನ್ನು ಹೇಳಬೇಕು. ಗಜೇಂದ್ರಗಡ ಕೈಮಗ್ಗದ ಊರು. ಇಲ್ಲಿನವರ ಕೈಗೆ ಸೀರೆ ಬಂದರೆ, ಚೆನ್ನಾಗಿದೆ ಎನ್ನುವ ಮೊದಲೇ ಹೆಬ್ಬೆರಳು ತೋರುಬೆರಳುಗಳ ನಡುವೆ ಅದರ ಅಂಚು ಹೊಸೆದಾಗಿರುತ್ತದೆ. ಇದಕ್ಕೆ ಮದುವೆ ಮನೆ, ಸಾವಿನ ಮನೆ ಎಂಬ ಭೇದವಿಲ್ಲ. ಸಮಾಧಾನ ಹೇಳಲು ಬಂದವರು ಅಳುತ್ತಿರುವವರ ಸೆರಗು ಹೊಸೆಯುವುದನ್ನೂ ನಾನು ನೋಡಿದ್ದೇನೆ. ನನ್ನ ಅವ್ವನ ತವರಿನಲ್ಲಿ ಮಗ್ಗವಿರಲಿಲ್ಲ, ಆದರೆ ಗಂಡನ ಮನೆಗೆ ಬಂದ ಮೇಲೆ ಅವಳ ಬೆರಳಿಗೂ ಈ ಊರಿನ ರುಚಿ ಹತ್ತಿತ್ತು. ಚಿಗವ್ವ ಕೊಟ್ಟ ಸೀರೆಯನ್ನು ಹೊಸೆದಳು. ಬೆರಳ ಹಿಂದೆಯೇ ನಾಲಿಗೆ ಓಡಿತು.

"ಮಗ್ಗದ್ದ ಅಲ್ಲಲ್ಲ ಇದು," ಎಂದುಬಿಟ್ಟಳು.

ಇವತ್ತು ಬಿಸಿಲು ಜೋರಿದೆ ಎನ್ನುವ ಧಾಟಿಯಲ್ಲಿ ಹೇಳಿದಳು. ಅದರಲ್ಲಿ ಕೊಂಕಿರಲಿಲ್ಲ. ವಿಚಿತ್ರವೆಂದರೆ ಅವ್ವ ಯಾವ ಮಾತನ್ನೂ ಲಗೂ ಆಡುವವಳಲ್ಲ. ಹಸಿವಾಗಿದೆಯೇ ಎಂದು ಕೇಳಿದರೆ ಒಂದು ಗುಟುಕು ನೀರು ಕುಡಿದು, ಕಿಟಕಿಯಾಚೆ ನೋಡಿ, ಆಮೇಲೆ ಹೂಂ ಎನ್ನುತ್ತಿದ್ದಳು. ಜನ್ಮದಲ್ಲಿ ಒಂದೇ ಸಲ ಲಗೂ ಮಾತಾಡಿದಳು, ಅದೂ ಚಿಗವ್ವ ತಂದದ್ದು ಅಗ್ಗದ ಯಂತ್ರದ ಸೀರೆ ಎಂದು ಸಾರುವ ಮಾತು, ಕೋಣೆ ತುಂಬ ಬೀಗರ ಹೆಂಗಸರು ಕೂತಿದ್ದಾಗ. ಚಿಗವ್ವ ಎದ್ದಳು. ಮೊಣಕಾಲ ಮೇಲೆ ಕೈ ಬರಲಿಲ್ಲ. "ಬರ್ತೀನಿ" ಎನ್ನಲಿಲ್ಲ. ಕುಂಕುಮಕ್ಕೆ ನಿಲ್ಲಲಿಲ್ಲ. ಹೋಳಿಗೆಯ ತಟ್ಟೆ ಹಿಡಿದು ಬಾಗಿಲ ಹತ್ತಿರ ನಿಂತಿದ್ದ ನನ್ನ ಪಕ್ಕದಿಂದಲೇ ಹೊರಗೆ ಹೋದಳು. ಆ ಬೆನ್ನು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಬಹಳ ಕಾಲ ಅಕ್ಕತಂಗಿಯರ ನಡುವೆ ಮಾತಿರಲಿಲ್ಲ. ಕೊನೆಗೆ ರೋಣದಲ್ಲಿ ಒಬ್ಬರ ಮದುವೆಯ ಪಂಕ್ತಿಯಲ್ಲಿ ಇಬ್ಬರೂ ಎದುರಾದರು. ಅವ್ವ ತನ್ನ ಪಕ್ಕದ ಜಾಗ ತಟ್ಟಿ, "ಉಂಡಿ ಏನು?" ಎಂದು ಕೇಳಿದಳು. ಚಿಗವ್ವ ಇಲ್ಲವೆಂದು ಕುಳಿತಳು. ನಮ್ಮ ಮನೆತನಗಳಲ್ಲಿ ಕ್ಷಮೆ ಕೇಳುವ ರೂಢಿಯಿಲ್ಲ, ಉಂಡೆಯಾ ಎಂದು ಕೇಳುವ ರೂಢಿಯಿದೆ. ಅಲ್ಲಿಂದ ಮುಂದೆ ಚಿಗವ್ವ ನಮ್ಮ ಮನೆಗೆ ಬರತೊಡಗಿದಳು, ಮತ್ತು ಏಳಲು ಹಿಡಿಯುವ ಹೊತ್ತು ಪ್ರತಿ ಸಲವೂ ಬೆಳೆಯುತ್ತ ಹೋಯಿತು. ಆ ಒಂದು ದಿನದ ಅವಸರವನ್ನು ಅಳಿಸಿ ಹಾಕಲಿಕ್ಕೇ ಅವಳು ಹೀಗೆ ಕೂತು ಎದ್ದು ಮಾಡುತ್ತಾಳೆಂದು ನನ್ನ ಗುಮಾನಿ. ಕೇಳುವ ಧೈರ್ಯ ನನಗಿಲ್ಲ. ಚಿಗವ್ವ ಬಾಗಿಲಲ್ಲಿ ನಿಂತು ಕೊನೆಯ ಮಾತು ಹೇಳುವಾಗ ಅವ್ವ ಒಳಗೆ ಕಂಬಕ್ಕೆ ಒರಗಿ ನಿಂತಿರುತ್ತಿದ್ದಳು. ಅವ್ವ ತೀರಿಕೊಂಡು ಕೆಲವು ವರ್ಷಗಳಾದವು. ಚಿಗವ್ವ ಈಗಲೂ ಬಾಗಿಲಲ್ಲಿ ನಿಲ್ಲುತ್ತಾಳೆ.

ಹೀಗಾಗಿ ಮೂರನೆಯ ಸಲಕ್ಕೆ ನಾನು ಪಾಠಗಳನ್ನು ಬದಿಗಿಟ್ಟು, ಅವಳು ಎದ್ದು ಮತ್ತೆ ಕೂಡುವುದನ್ನೂ ಬಾಗಿಲಲ್ಲಿ ನಿಲ್ಲುವುದನ್ನೂ ಬರೆಯತೊಡಗಿದೆ. ಪೂರ್ತಿ ಬಿಟ್ಟೆನೆಂದರೆ ಸುಳ್ಳಾಗುತ್ತದೆ, ಒಂದು ಪಾಠ ಉಪಯೋಗಕ್ಕೆ ಬಂತು. ಏಳುವವನು ಏಳುವ ಮೊದಲು ಸ್ವಲ್ಪ ಕುಗ್ಗಬೇಕು, ಆಗಲೇ ಎದ್ದದ್ದು ನಂಬಿಕೆಯಾಗುತ್ತದೆ ಎಂದು ಅವರು ದೊಡ್ಡ ಶೋಧ ಮಾಡಿದವರಂತೆ ಹೇಳಿದ್ದರು. ನಮ್ಮ ಬಸ್ ನಿಲ್ದಾಣಕ್ಕೆ ಬಂದಿದ್ದರೆ ಇದನ್ನು ಪುಕ್ಕಟೆಯಾಗಿ ಕಲಿಯುತ್ತಿದ್ದರು. ರೋಣದ ಬಸ್ಸು ಹೊರಡುವುದನ್ನು ನೋಡಿ. ಕಂಡಕ್ಟರ್ "ಹೊಂಟತಿ, ಹೊಂಟತಿ" ಎಂದು ಕೂಗುತ್ತಾನೆ. ಡ್ರೈವರ್ ಎಂಜಿನ್ ಚಾಲೂ ಮಾಡುತ್ತಾನೆ. ಇಡೀ ಬಸ್ಸು ಗಡಗಡ ನಡುಗುತ್ತದೆ. ಒಳಗೆ ನಿಂತವರು ಕಂಬಿ ಹಿಡಿದುಕೊಳ್ಳುತ್ತಾರೆ. ಬಸ್ಸು ತುಸು ಹಿಂದಕ್ಕೆ ಸರಿಯುತ್ತದೆ. ಆಗ ಡ್ರೈವರ್ ಇಳಿದು ಚಹಾ ಕುಡಿಯಲು ಹೋಗುತ್ತಾನೆ. ಆಮೇಲೆ ಒಮ್ಮೆ ಅದು ಹೊರಟಾಗ ಎಂಥ ನಾಸ್ತಿಕನಿಗೂ ಬಸ್ಸು ಹೊರಟಿದೆ ಎಂಬ ನಂಬಿಕೆ ಬರುತ್ತದೆ.

ಸಂಗೀತದ ವಿಷಯಕ್ಕೂ ಇದು ಒಪ್ಪುತ್ತದೆ. ನನಗೆ ರಾಗಜ್ಞಾನ ಅಷ್ಟಕ್ಕಷ್ಟೇ. ಆದರೆ ಗದಗ ಧಾರವಾಡದ ಕಡೆ ಹುಟ್ಟಿದವನಿಗೆ ವಿಲಂಬಿತ ಲಯ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಗವಾಯಿಗಳು ಒಂದು ಸ್ವರದ ಮೇಲೆ ಬಂದು ಕೂಡುತ್ತಾರೆ. ಏಳುತ್ತಾರೆ ಎನಿಸುತ್ತದೆ, ಏಳುವುದಿಲ್ಲ. ತಬಲಾದವನು ಕಾಯುತ್ತಾನೆ, ನಾವು ಕಾಯುತ್ತೇವೆ. ತಾಳದ ಮೊದಲ ಪೆಟ್ಟಿಗೆ, ಅಂದರೆ ಸಮ್ಮಿಗೆ, ಬಂದಾಗ ಎಲ್ಲರ ತಲೆಯೂ ಒಟ್ಟಿಗೆ ಅಲ್ಲಾಡುತ್ತದೆ. ಅರ್ಧ ನಿಮಿಷದಲ್ಲಿ ಮುಗಿಸಿರಿ ಎಂದು ಗವಾಯಿಗಳಿಗೆ ಹೇಳುವ ಎದೆಗಾರಿಕೆ ಆ ಧಾರವಾಡದಲ್ಲಿ ಯಾರಿಗಿದೆ? ನನಗೆ ಮಾತ್ರ ಹೇಳಿದರು. ಅದಕ್ಕೆ ಬರುತ್ತೇನೆ.

ನಿಲ್ಲಿಸುವುದು ಕಷ್ಟದ ಕೆಲಸ. ಒಂದೇ ಚಿತ್ರವನ್ನು ಬಹಳ ಹೊತ್ತು ತೋರಿಸಿದರೆ ಪಾತ್ರ ನಿಂತಂತೆ ಕಾಣುವುದಿಲ್ಲ, ಯಂತ್ರ ಕೆಟ್ಟಂತೆ ಕಾಣುತ್ತದೆ. ಬಾಗಿಲಲ್ಲಿ ನಿಂತ ಚಿಗವ್ವ ಮೊದಲಿಗೆ ಗೋಡೆಗೆ ತೂಗುಹಾಕಿದ ಫೋಟೊದಂತಾದಳು. ಅಲ್ಲಾಡಿಸಿದರೆ ಚಳಿ ಹತ್ತಿದವಳಂತಾದಳು. ಮಧ್ಯಾಹ್ನಗಟ್ಟಲೆ ಬರೆದು ಅಳಿಸಿ, ಅಳಿಸಿ ಬರೆದು, ಕೊನೆಗೆ ಮೈಯನ್ನು ನಿಲ್ಲಿಸಿ ಸೆರಗನ್ನಷ್ಟೇ ಜಾರಿಸಿದೆ. ಚೌಕಟ್ಟಿನ ಮೇಲಿಟ್ಟ ಕೈಯ ಬಳೆಗಳು ಒಂದರ ಹಿಂದೆ ಒಂದು ಮಣಿಕಟ್ಟಿಗೆ ಇಳಿಯುವಂತೆ ಮಾಡಿದೆ. ಒಂದು ಸಲ ಅವಳ ಕಣ್ಣು ಮಿಟುಕುವಂತೆ ಬರೆದೆ. ಆಗ ಅವಳು ಉಸಿರಾಡಿದಳು. ನಡುವೆ ಬಿ.ಪಿ. ಮಾತ್ರೆಗೆ ಬಂದ ಸೂಡಿಯ ಗೌಡರೊಬ್ಬರು ಟ್ಯಾಬು ನೋಡಿ, ಈಕೆ ಯಾರನ್ನೋ ಕಾಯುತ್ತಿದ್ದಾಳೆ ಎಂದರು. ಅವರಿಗೆ ಮಾತ್ರೆ ಕೊಡುವುದನ್ನು ನಾನು ಮರೆತೇಬಿಟ್ಟೆ. ಅವರೂ ಕೇಳುವುದನ್ನು ಮರೆತರು, ಊರು ಮುಟ್ಟಿದ ಮೇಲೆ ಫೋನ್ ಮಾಡಿ ಬೈದರು.

ಇನ್ನು ಧಾರವಾಡದ ಮಾತು. ಅಲ್ಲಿ ಕೆಲವು ಉತ್ಸಾಹಿಗಳು ಕೂಡಿ, ಕೈಯಿಂದ ಬರೆದ ಪುಟ್ಟ ಚಿತ್ರಗಳನ್ನು ಒಂದು ಸಭಾಗೃಹದಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುವವರಿದ್ದರು. ನಿಯಮ ಒಂದೇ, ಚಿತ್ರ ಅರ್ಧ ನಿಮಿಷ ಮೀರಬಾರದು. ನನಗೆ ಆಸೆಯಾಯಿತು. ಅಂಗೈಯಗಲದ ಟ್ಯಾಬಿನಲ್ಲಿ ಬರೆದದ್ದನ್ನು ಗೋಡೆಯಗಲ ನೋಡುವ ಆಸೆ ಯಾರಿಗಿರುವುದಿಲ್ಲ? ಕಳಿಸಿದೆ. ಸಾಲದ್ದಕ್ಕೆ ಚಿಗವ್ವನಿಗೂ ಫೋನ್ ಮಾಡಿ ಹೇಳಿದೆ. ಅವಳು ಚಿತ್ರವನ್ನು ನೋಡಿರಲಿಲ್ಲ, ಆದರೆ ತನ್ನ ಮುಖ ಧಾರವಾಡದ ಪರದೆಯ ಮೇಲೆ ಬರುತ್ತದೆಂದು ನರಗುಂದದಲ್ಲಿ ಓಣಿ ಓಣಿಗೂ ಡಂಗುರ ಹೊಡೆದಳು. ಯಾವ ಸೀರೆ ಉಡಬೇಕೆಂಬುದೂ ನಿಶ್ಚಯವಾಯಿತು.

ನನ್ನ ಚಿತ್ರ ಅರ್ಧ ನಿಮಿಷದ ಗಡಿಯನ್ನು ಚೆನ್ನಾಗಿಯೇ ದಾಟಿತ್ತು. ಹೊಂದಿಸಿಕೊಂಡಾರು ಎಂದುಕೊಂಡಿದ್ದೆ. ಒಂದು ದಿನ ಅಲ್ಲಿನ ಹುಡುಗಿಯೊಬ್ಬಳು ಫೋನ್ ಮಾಡಿದಳು. ಒಳ್ಳೆಯ ಹುಡುಗಿ, ಮಾತಿನಲ್ಲಿ ವಿನಯವಿತ್ತು.

"ಚಿತ್ರಾ ಭಾಳ ಚಲೋ ಅದರಿ ಸರ್," ಎಂದಳು. "ಆದ್ರ ನಡುವ ಏನೂ ನಡ್ಯೂದೇ ಇಲ್ಲಲ್ರಿ. ಎದ್ದು ಹೊಳ್ಳಿ ಕೂಡೂದು, ಬಾಗಲದಾಗ ನಿಂದ್ರೂದು, ಇವೆರಡು ತಗದ್ರ ಅರ್ಧ ನಿಮಿಷದಾಗ ಬರೋಬ್ಬರಿ ಕೂಡ್ತದ."

ನೋಡುತ್ತೇನೆಂದೆ. ಆಸೆ ಕೆಟ್ಟದ್ದು. ಅವಳು ಹೇಳಿದಂತೆಯೇ ಎರಡು ಕಡೆ ಕತ್ತರಿಸಿ ಜೋಡಿಸಿ ಓಡಿಸಿದೆ. ಚಿಗವ್ವ ಎದ್ದಳು, ಹೋದಳು. ಅದೇ ಬೆನ್ನು. ನನ್ನ ಕೈಯಲ್ಲಿ ಹೋಳಿಗೆಯ ತಟ್ಟೆಯೊಂದೇ ಕಡಿಮೆಯಿತ್ತು. ಚಿಗವ್ವ ಇಲಕಲ್ ಸೀರೆ ಉಟ್ಟು, ಓಣಿಯ ಹೆಂಗಸರನ್ನು ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ಕೂತು, ಗೋಡೆಯಗಲದ ಪರದೆಯ ಮೇಲೆ ತಾನು ಅಕ್ಕನ ಮನೆಯಿಂದ ಸಿಟ್ಟಿನಿಂದ ಎದ್ದುಹೋಗುವುದನ್ನು ನೋಡಬೇಕಾಗಿತ್ತು. ಆ ದಿನವನ್ನು ಅಳಿಸಲು ಅವಳು ಇಷ್ಟು ವರ್ಷ ಕೂತು ಎದ್ದು ಮಾಡಿದ್ದನ್ನೆಲ್ಲ ನಾನು ಎರಡು ಕತ್ತರಿ ಪ್ರಯೋಗದಲ್ಲಿ ನೀರುಪಾಲು ಮಾಡುತ್ತಿದ್ದೆ. ನನಗೆ ಹುಡುಗಿಯ ಮೇಲೆ, ಧಾರವಾಡದ ಮೇಲೆ, ಅರ್ಧ ನಿಮಿಷ ಎಂಬ ಕಾಲಮಾನದ ಮೇಲೆ ಕೆಂಡದಂಥ ಸಿಟ್ಟು ಬಂತು. ಕತ್ತರಿಸಿದ್ದನ್ನು ಅಳಿಸಿಹಾಕಿದೆ.

ನಡುವೆ ಏನೂ ನಡೆಯುವುದಿಲ್ಲವಂತೆ! ನಡೆಯುವುದೆಲ್ಲ ಅಲ್ಲಿಯೇ ನಡೆಯುತ್ತದೆ. ಕುರ್ಚಿಯಿಂದ ಏಳುವುದನ್ನು ಯಾರು ಬೇಕಾದರೂ ಮಾಡುತ್ತಾರೆ, ಬೆಕ್ಕೂ ಮಾಡುತ್ತದೆ. ಎದ್ದ ಮೇಲೆ ಮತ್ತೆ ಕೂಡಲು ಆ ಮನೆಯ ಮೇಲೆ ಜೀವವಿರಬೇಕು. ಫೋನ್ ಮಾಡಿ ಆ ಹುಡುಗಿಗೆ ಇಷ್ಟನ್ನೂ ಹೇಳಿದೆ, ದನಿ ಸ್ವಲ್ಪ ಏರಿತ್ತು. ಅವಳು ತಾಳ್ಮೆಯಿಂದ ಕೇಳಿಸಿಕೊಂಡು, "ನಿಯಮ ಎಲ್ಲಾರಿಗೂ ಒಂದ ಅಲ್ರಿ ಸರ್. ಹಂಗಾದ್ರ ಈ ಸಲ ಆಗೂದಿಲ್ಲೇನೋ," ಎಂದಳು. ಬೇಡ ಎಂದೆ. ಫೋನ್ ಇಟ್ಟ ಮೇಲೆ ಒಂದು ಗಳಿಗೆ ಹುರುಪಾಗಿತ್ತು. ಆಮೇಲೆ ನರಗುಂದದ ಓಣಿಗಳು ನೆನಪಾದವು.

ಫೋನಿನಲ್ಲಿ ಹೇಳುವ ಧೈರ್ಯವಾಗದೆ ಚಿಗವ್ವ ಬರುವವರೆಗೆ ಕಾದೆ. ಮುಂದಿನ ವಾರ ಬಂದಳು. ನೀರು ಕುಡಿದಳು, ಧಾರವಾಡಕ್ಕೆ ಯಾವ ಬಸ್ಸಿಗೆ ಹೋಗುವುದೆಂದು ಕೇಳಿದಳು. ಇದ್ದದ್ದನ್ನು ಹೇಳಿದೆ. ಕತ್ತರಿಸಬೇಕೆಂದರು, ನಾನು ಒಲ್ಲೆನೆಂದೆ, ಹೀಗಾಗಿ ಪರದೆಯಿಲ್ಲ, ಧಾರವಾಡವಿಲ್ಲ. ಅವಳ ಮುಖ ಸ್ವಲ್ಪ ಇಳಿಯಿತು. ನಾಲ್ಕು ಮಂದಿಗೆ ಹೇಳಿಕೊಂಡಿದ್ದಳಲ್ಲ.

"ಎಷ್ಟರಾಗ ಮುಗಸಬೇಕಂದ್ರು?" ಎಂದು ಕೇಳಿದಳು.

"ಅರ್ಧ ನಿಮಿಷದಾಗ."

"ಅರ್ಧ ನಿಮಿಷದಾಗ ನಾ ಚಪ್ಲಿ ಸೈತ ಮೆಟ್ಟೂದಿಲ್ಲ," ಎಂದಳು. "ಹೋಗ್ಲಿ ತಗಿ. ಎಲ್ಲೈತಿ, ತೋರ್ಸು."

ಟ್ಯಾಬನ್ನು ಅವಳ ತೊಡೆಯ ಮೇಲಿಟ್ಟೆ. ಚಿಗವ್ವ ಕನ್ನಡಕ ಏರಿಸಿಕೊಂಡು ಚಿಗವ್ವನನ್ನು ನೋಡಿದಳು. ಮೊಣಕಾಲ ಮೇಲೆ ಕೈಯಿಟ್ಟಾಗ ನಕ್ಕಳು. ಅರ್ಧ ಎದ್ದು ಮತ್ತೆ ಕುಳಿತಾಗ, "ನೋಡ್ ಶೈಲಾ, ನಿನ್ನ ಗಂಡ ನನ್ನ ಹ್ಯಾಂಗ ಆಡ್ಕೊಂಡಾನ," ಎಂದು ಒಳಗೆ ಕೂಗಿದಳು. ಬಾಗಿಲು ಬಂದಾಗ ಟ್ಯಾಬನ್ನು ಕಣ್ಣಿಗೆ ಹತ್ತಿರ ಎತ್ತಿಕೊಂಡಳು. ಚೌಕಟ್ಟಿನ ಮೇಲೆ ಕೈ, ಜಾರುವ ಸೆರಗು, ಇಳಿಯುವ ಬಳೆಗಳು. ಚಿತ್ರ ಮುಗಿಯಿತು. ಅವಳೇ ಬೆರಳಿನಿಂದ ಒತ್ತಿ ಮತ್ತೆ ಹಚ್ಚಿದಳು. ಬಾಗಿಲಿನ ಹತ್ತಿರ ಬಂದಾಗ ಕೇಳಿದಳು.

"ಇಲ್ಲಿ ನಾ ಯಾರ ಜೋಡಿ ಮಾತಾಡಾಕತ್ತೀನಿ?"

"ಅವ್ವನ ಜೋಡಿ," ಎಂದೆ. ಅವ್ವನನ್ನು ನಾನು ಬರೆದಿರಲಿಲ್ಲ. ಬರೆಯಲು ಕೈ ಬಂದಿರಲಿಲ್ಲ. "ಅಕಿ ಒಳಗ ಕಂಬದ ಹಂತ್ಯಾಕ ಅದಾಳ. ಕಾಣಸೂದಿಲ್ಲ."

ಚಿಗವ್ವ ತಲೆಯಾಡಿಸಿದಳು. ಮೂರನೆಯ ಸಲ ಹಚ್ಚಿದಳು. ಪರದೆಯ ಚಿಗವ್ವ ಬಾಗಿಲಲ್ಲಿ ನಿಂತು, ಒಳಗೆ ನೋಡಿ, ಒಮ್ಮೆ ಕಣ್ಣು ಮಿಟುಕಿಸಿ ಹೊರಗೆ ತಿರುಗಿದಳು. ನನ್ನ ಚಿಗವ್ವನಿಗೆ ಅದು ಸರಿಬರಲಿಲ್ಲ.

"ಲಗೂ ಆತಪಾ," ಎಂದಳು. "ಇನ್ನೊಂದ್ ಸ್ವಲ್ಪ ನಿಂದ್ರಸು ನನ್ನ. ಅಕ್ಕ ಉತ್ತರಾ ಕೊಡೂದು ತಡಾ."

ಟ್ಯಾಬನ್ನು ನನ್ನ ಕೈಗಿಟ್ಟು, ಮೊಣಕಾಲ ಮೇಲೆ ಕೈಯೂರಿ, ಬರುತ್ತೇನೆ ಇನ್ನು ಎಂದಳು. ಶೈಲಾ ಚಹಾಕ್ಕೆ ನೀರಿಟ್ಟಳು.

ಈಗ ಮಧ್ಯಾಹ್ನಗಳಲ್ಲಿ ಬಾಗಿಲಲ್ಲಿ ನಿಂತ ಚಿಗವ್ವನಿಗೆ ಇನ್ನಷ್ಟು ಚಿತ್ರ ಸೇರಿಸುತ್ತಿದ್ದೇನೆ. ಅವ್ವ ಒಂದು ಗುಟುಕು ನೀರು ಕುಡಿದು, ಕಿಟಕಿಯಾಚೆ ನೋಡಿ, ಉತ್ತರ ಕೊಡುವಷ್ಟು ಹೊತ್ತು ಬೇಕು. ಚಿತ್ರ ಒಂದು ನಿಮಿಷವನ್ನೂ ದಾಟುವ ಲಕ್ಷಣವಿದೆ, ದಾಟಲಿ. ಧಾರವಾಡದವರು ತಮ್ಮ ನಿಯಮ ಬದಲಿಸಿದರೆ ಹೇಳಿ ಕಳಿಸಲಿ. ನಾವು ಇಲ್ಲೇ ಬಾಗಿಲಲ್ಲಿ ನಿಂತಿರುತ್ತೇವೆ.